ಹದ್ದು ಕೊಲ್ಲುವ ಬೆಟ್ಟವನ್ನು ಹದ್ದು ನೋಡುವ ಬೆಟ್ಟವಾಗಿಸಿದ ರೋಸಲೀ ಎಡ್ಜ್

ಹದ್ದಿಗೆ ನಲವತ್ತು ವರ್ಷ ತುಂಬಿದಾಗ ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಕುಟ್ಟಿ ಮುರಿದುಕೊಳ್ಳುತ್ತದಂತೆ. ಹೊಸ ಕೊಕ್ಕು ಬಂದ ಮೇಲೆ ಹಳೆಯ ಉಗುರು, ಗರಿಗಳನ್ನು ಕಿತ್ತು ಹಾಕಿ, ಐದು ತಿಂಗಳಲ್ಲಿ ಮರುಜನ್ಮ ಪಡೆದು ಇನ್ನೂ ಮೂವತ್ತು ವರ್ಷ ಬದುಕುತ್ತದಂತೆ. ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ.

ಇದು ಸುಳ್ಳು. ಕೊಕ್ಕು ಮುರಿದ ಹದ್ದು ಹೊಸ ಜನ್ಮ ಪಡೆಯುವುದಿಲ್ಲ, ತಿನ್ನಲಾಗದೆ ಹಸಿವಿನಿಂದ ಸಾಯುತ್ತದೆ. ಹದ್ದಿನ ಕೊಕ್ಕು ಮತ್ತು ಉಗುರು ನಮ್ಮ ಉಗುರಿನ ಹಾಗೆಯೇ ಜೀವನಪೂರ್ತಿ ಬೆಳೆಯುತ್ತಾ, ಸವೆಯುತ್ತಾ ಇರುತ್ತವೆ. ಗರಿಗಳು ಒಂದೊಂದಾಗಿ ಉದುರಿ ಹೊಸವು ಬರುತ್ತವೆ. ಆಯಸ್ಸಿನ ಲೆಕ್ಕವೂ ತಪ್ಪು. ಅಮೆರಿಕದಲ್ಲಿ ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಬಿಳಿತಲೆ ಹದ್ದುಗಳ ಪೈಕಿ ಅತಿ ಹೆಚ್ಚು ಕಾಲ ಬದುಕಿದ್ದು ಗೊತ್ತಾಗಿರುವುದು 38 ವರ್ಷ ಮಾತ್ರ.

ಈ ಕಥೆಯಿಂದ ಯಾರಿಗೂ ದೊಡ್ಡ ನಷ್ಟ ಆಗಿಲ್ಲ ಅನ್ನಿ. ಆದರೆ ಹದ್ದು, ಗಿಡುಗಗಳ ಬಗ್ಗೆ ಜನ ಹಿಂದೆ ನಂಬಿದ್ದ ಇನ್ನೊಂದು ಮಾತು ಸಾವಿರಾರು ಹಕ್ಕಿಗಳ ಪ್ರಾಣ ತೆಗೆದಿತ್ತು. ಗಿಡುಗ ಎಂದರೆ ಕೆಟ್ಟ ಹಕ್ಕಿ, ಅದನ್ನು ಕೊಂದಷ್ಟೂ ಒಳ್ಳೆಯದು ಎಂಬ ಮಾತು ಅದು. ಅದರ ವಿರುದ್ಧ ನಿಂತ ಒಬ್ಬ ಮಹಿಳೆ ಒಂದು ಬೆಟ್ಟವನ್ನೇ ಗುತ್ತಿಗೆಗೆ ಹಿಡಿದರು. ಅವರ ಹೆಸರು ರೋಸಲೀ ಎಡ್ಜ್.

ಮತದಾನದ ಹೋರಾಟದಿಂದ ಹಕ್ಕಿಗಳ ಕಡೆಗೆ

ರೋಸಲೀ ಹುಟ್ಟಿದ್ದು 1877ರ ನವೆಂಬರ್‌ನಲ್ಲಿ, ನ್ಯೂಯಾರ್ಕ್ ನಗರದ ಅನುಕೂಲಸ್ಥರ ಮನೆಯಲ್ಲಿ. 1909ರಲ್ಲಿ ಚಾರ್ಲ್ಸ್ ನೋಯೆಲ್ ಎಡ್ಜ್ ಎಂಬ ಎಂಜಿನಿಯರನ್ನು ಮದುವೆಯಾದರು. ಕೆಲವು ವರ್ಷ ಗಂಡನ ಕೆಲಸದ ಜೊತೆ ಏಷ್ಯಾದಲ್ಲಿ ಕಳೆದು ನ್ಯೂಯಾರ್ಕಿಗೆ ಮರಳಿದರು. ಆಗ ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂಬ ಚಳವಳಿ ಜೋರಾಗಿತ್ತು. ರೋಸಲೀ ಅದಕ್ಕೆ ಧುಮುಕಿದರು. ಕರಪತ್ರ ಬರೆಯುವುದು, ಸಭೆಯಲ್ಲಿ ಎದ್ದು ನಿಂತು ಮಾತಾಡುವುದು, ಹಣ ಕೂಡಿಸುವುದು, ದೊಡ್ಡವರ ಮುಂದೆ ಹೆದರದಿರುವುದು ಎಲ್ಲವನ್ನೂ ಅವರು ಕಲಿತದ್ದು ಅಲ್ಲಿಯೇ. ನ್ಯೂಯಾರ್ಕ್ ರಾಜ್ಯದ ಹೆಂಗಸರಿಗೆ 1917ರಲ್ಲಿ, ಇಡೀ ದೇಶದ ಹೆಂಗಸರಿಗೆ 1920ರಲ್ಲಿ ಆ ಹಕ್ಕು ಸಿಕ್ಕಿತು.

ಮರುವರ್ಷವೇ ಅವರ ಸಂಸಾರ ಮುರಿಯಿತು. ಗಂಡ ಹೆಂಡತಿ ಬೇರೆಯಾದರು. ಇಬ್ಬರು ಮಕ್ಕಳ ತಾಯಿ ರೋಸಲೀ ಆ ನೋವಿನ ದಿನಗಳಲ್ಲಿ ಹಕ್ಕಿ ನೋಡುವುದನ್ನು ಹಚ್ಚಿಕೊಂಡರು. ಮಹಾನಗರದ ನಡುವೆ ಇರುವ ಸೆಂಟ್ರಲ್ ಪಾರ್ಕಿಗೆ ದುರ್ಬೀನು ಹಿಡಿದು ಹೋಗುವುದು, ಕಂಡದ್ದನ್ನು ಬರೆದಿಡುವುದು ಅವರ ಅಭ್ಯಾಸವಾಯಿತು. ಆಗ ಅವರ ವಯಸ್ಸು ನಲವತ್ತು ದಾಟಿತ್ತು.

ಒಂದು ಕರಪತ್ರ ಮಾಡಿದ ಕೆಲಸ

1929ರಲ್ಲಿ ಅವರು ಪ್ಯಾರಿಸ್ ಪ್ರವಾಸದಲ್ಲಿದ್ದಾಗ ಅಂಚೆಯಲ್ಲಿ ಒಂದು ಕರಪತ್ರ ಬಂತು. ಅದನ್ನು ಬರೆದವರಲ್ಲಿ ನ್ಯೂಯಾರ್ಕಿನ ಪ್ರಾಣಿಶಾಸ್ತ್ರಜ್ಞ ವಿಲ್ಲರ್ಡ್ ವ್ಯಾನ್ ನೇಮ್ ಒಬ್ಬರು. ಅಮೆರಿಕದ ಹಲವು ಹಕ್ಕಿಗಳು ಅಳಿವಿನ ಅಂಚಿಗೆ ಬಂದಿವೆ, ಅವುಗಳನ್ನು ಕಾಯಬೇಕಾದ ಆಡುಬಾನ್ ಸಂಘಗಳು ಮಾತ್ರ ಬೇಟೆಗಾರರ ಜೊತೆ ರಾಜಿಯಾಗಿ ಸುಮ್ಮನಿವೆ ಎಂಬುದು ಅದರ ಸಾರಾಂಶ.

ಇಂಥ ಪತ್ರ ಓದಿ ಸಿಟ್ಟಾಗುವವರು ಬಹಳ. ರೋಸಲೀ ಊರಿಗೆ ಮರಳಿದ ಮೇಲೆ ಅದೇ ಅಕ್ಟೋಬರ್‌ನಲ್ಲಿ ನಡೆದ ಆಡುಬಾನ್ ಸಂಘಗಳ ವಾರ್ಷಿಕ ಸಭೆಗೆ ಹೋದರು. ಕರಪತ್ರದಲ್ಲಿ ಬರೆದಿರುವುದು ನಿಜವೋ ಸುಳ್ಳೋ ಎಂದು ಎಲ್ಲರೆದುರು ಕೇಳಿದರು. ಸರಿಯಾದ ಉತ್ತರ ಸಿಗಲಿಲ್ಲ. ಮತ್ತೆ ಮತ್ತೆ ಕೇಳಿದರು.

ಆಮೇಲೆ ಎಮರ್ಜೆನ್ಸಿ ಕನ್ಸರ್ವೇಶನ್ ಕಮಿಟಿ ಎಂಬ ಪುಟ್ಟ ಸಂಸ್ಥೆ ಕಟ್ಟಿ, ತಾವೇ ಕರಪತ್ರ ಅಚ್ಚು ಹಾಕಿಸಿ ಹಂಚತೊಡಗಿದರು. ಆಡುಬಾನ್‌ನವರ ಲೂಸಿಯಾನಾದ ಪಕ್ಷಿಧಾಮದಲ್ಲಿ ಹಣಕ್ಕಾಗಿ ತುಪ್ಪಳದ ಪ್ರಾಣಿಗಳನ್ನು ಬೋನಿಟ್ಟು ಹಿಡಿಯಲಾಗುತ್ತಿತ್ತು. ರೋಸಲೀ ಇದನ್ನು ಸದಸ್ಯರಿಗೆ ತಿಳಿಸಲು ಹೊರಟಾಗ ಸಂಘ ವಿಳಾಸಪಟ್ಟಿ ಕೊಡಲಿಲ್ಲ. 1931ರಲ್ಲಿ ಅವರು ಕೋರ್ಟಿಗೆ ಹೋಗಿ ಪಟ್ಟಿ ಪಡೆದರು. 1934ರಲ್ಲಿ ಸಂಘದ ಅಧ್ಯಕ್ಷರು ಹುದ್ದೆ ಬಿಡಬೇಕಾಯಿತು.

ಗಿಡುಗ ನಿಜಕ್ಕೂ ಕೆಟ್ಟ ಹಕ್ಕಿಯೇ?

ನಮ್ಮ ಹಳ್ಳಿಗಳಲ್ಲಿ ಅಂಗಳದ ಮೇಲೆ ಹದ್ದಿನ ನೆರಳು ಬಿದ್ದರೆ ಸಾಕು, ಕೋಳಿ ಕೂಗುತ್ತದೆ, ಅಜ್ಜಿ ಕೋಲು ಹಿಡಿದು ಓಡುತ್ತಾಳೆ. ಅಮೆರಿಕದ ರೈತರಿಗೂ ಅದೇ ಭಯ. ಬೇಟೆಗಾರರಿಗಂತೂ ತಾವು ಹೊಡೆಯಬೇಕಾದ ಹಕ್ಕಿ, ಮೊಲಗಳನ್ನು ಗಿಡುಗ ತಿಂದುಬಿಡುತ್ತದೆ ಎಂಬ ಸಿಟ್ಟು. ಹಾಡುವ ಹಕ್ಕಿ ಒಳ್ಳೆಯದು, ಹಿಡಿದು ತಿನ್ನುವ ಹಕ್ಕಿ ಕೆಟ್ಟದು ಎಂದು ಹಕ್ಕಿಪ್ರಿಯರಲ್ಲೂ ಅನೇಕರು ನಂಬಿದ್ದರು. ಪೆನ್ಸಿಲ್ವೇನಿಯಾ ರಾಜ್ಯ 1929ರಲ್ಲಿ ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದವರಿಗೆ 5 ಡಾಲರ್ ಬಹುಮಾನವನ್ನೇ ಇಟ್ಟಿತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ.

ಈ ನಂಬಿಕೆಯಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ತಪ್ಪಿದೆ. ಕೆಲವು ಗಿಡುಗಗಳು ಕೋಳಿ ಹಿಡಿಯುವುದು ನಿಜ. ಆದರೆ ಹೆಚ್ಚಿನವುಗಳ ಊಟ ಇಲಿ, ಕಪ್ಪೆ, ಹಾವು, ಮಿಡತೆ. ಬೆಳೆ ತಿನ್ನುವ ಇಲಿಗಳನ್ನು ಅವು ಪುಕ್ಕಟೆಯಾಗಿ ಕಡಿಮೆ ಮಾಡುತ್ತವೆ. ಇನ್ನೊಂದು ವಿಷಯ: ವಲಸೆ ಹೋಗುವಾಗ ಬೆಟ್ಟದ ಮೇಲೆ ಹಾರುವ ಗಿಡುಗ ಅಂದು ಬಂದು ಅಂದೇ ದಾಟಿ ಹೋಗುವ ಹಕ್ಕಿ. ಅದನ್ನು ಹೊಡೆದರೆ ಯಾರ ಮನೆಯ ಕೋಳಿಯೂ ಉಳಿಯುವುದಿಲ್ಲ.

ಗಿಡುಗಗಳು ಆ ಬೆಟ್ಟಕ್ಕೇ ಏಕೆ ಬರುತ್ತವೆ?

ಪೆನ್ಸಿಲ್ವೇನಿಯಾದಲ್ಲಿ ಕಿಟಟಿನಿ ಎಂಬ ಉದ್ದನೆಯ ಬೆಟ್ಟಸಾಲಿದೆ. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಮರಗಳ ಎಲೆ ಕೆಂಪಾಗಿ ಉದುರುತ್ತವೆ, ಉತ್ತರದಲ್ಲಿ ಚಳಿ ಶುರುವಾಗುತ್ತದೆ. ಆಹಾರ ಸಿಗದ ಜಾಗ ಬಿಟ್ಟು ಬೇಟೆಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಕೆಲವು ದಕ್ಷಿಣ ಅಮೆರಿಕದವರೆಗೂ ಹೋಗುತ್ತವೆ.

ಅಷ್ಟು ದೂರ ರೆಕ್ಕೆ ಬಡಿಯುತ್ತಾ ಹೋದರೆ ಶಕ್ತಿ ಸಾಲದು. ಬೀಸುವ ಗಾಳಿ ಬೆಟ್ಟಕ್ಕೆ ಬಡಿದಾಗ ಮುಂದೆ ಹೋಗಲು ದಾರಿಯಿಲ್ಲದೆ ಮೇಲಕ್ಕೆ ಏರುತ್ತದೆ. ಗಿಡುಗ ಆ ಏರುಗಾಳಿಯ ಮೇಲೆ ರೆಕ್ಕೆ ಹರಡಿ ಕುಳಿತಂತೆ ಜಾರುತ್ತಾ ಹೋಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯೂ ಹೀಗೆಯೇ ನೆರವಾಗುತ್ತದೆ. ಅದರೊಳಗೆ ಸುತ್ತು ಹಾಕುತ್ತಾ ಎತ್ತರಕ್ಕೇರಿ, ಅಲ್ಲಿಂದ ಮುಂದಿನ ಬಿಸಿಗಾಳಿಯವರೆಗೆ ತೇಲುತ್ತವೆ. ಹೀಗಾಗಿ ಬೆಟ್ಟಸಾಲು ಅವುಗಳಿಗೆ ಹೆದ್ದಾರಿ ಇದ್ದ ಹಾಗೆ.

ಆ ಹೆದ್ದಾರಿಯ ಒಂದು ಕಲ್ಲುಬಂಡೆಯ ತುದಿಯಲ್ಲಿ ಹಕ್ಕಿಗಳು ಮನುಷ್ಯನಿಗೆ ತೀರಾ ಹತ್ತಿರದಲ್ಲೇ ಹಾದುಹೋಗುತ್ತವೆ. ಬಂದೂಕು ಹಿಡಿದವರಿಗೆ ಇದು ಗೊತ್ತಾಗಿತ್ತು. ರಜೆಯ ದಿನಗಳಲ್ಲಿ ಜನ ಗುಂಪಾಗಿ ಬಂದು ಮೋಜಿಗಾಗಿ ಹೊಡೆಯುತ್ತಿದ್ದರು. ಸತ್ತವು ಬಿದ್ದಲ್ಲೇ ಕೊಳೆಯುತ್ತಿದ್ದವು, ಗಾಯಗೊಂಡವು ಅಲ್ಲೇ ಒದ್ದಾಡುತ್ತಿದ್ದವು. 1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಅಲ್ಲಿಗೆ ಹೋಗಿ, ಸತ್ತ ಗಿಡುಗಗಳನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದರು.

ಬೆಟ್ಟವೇ ಗುತ್ತಿಗೆಗೆ

ಆ ಚಿತ್ರಗಳು ರೋಸಲೀ ಅವರ ಕಣ್ಣಿಗೆ ಬಿದ್ದವು. ಪಕ್ಷಿಸಂಘಗಳು ಆ ಜಾಗವನ್ನು ಕೊಳ್ಳುತ್ತವೆ ಎಂಬ ಮಾತಿತ್ತು. 1934ರ ಬೇಸಿಗೆ ಬಂದರೂ ಏನೂ ಆಗಿರಲಿಲ್ಲ, ಇನ್ನೇನು ವಲಸೆಯ ಕಾಲ ಬರುವುದರಲ್ಲಿತ್ತು. 56 ವರ್ಷದ ರೋಸಲೀ ಇನ್ನು ಕಾಯುವುದು ಬೇಡವೆಂದು ತೀರ್ಮಾನಿಸಿ, ಸುಮಾರು 1,400 ಎಕರೆ ಬೆಟ್ಟವನ್ನು 500 ಡಾಲರಿಗೆ ಎರಡು ವರ್ಷದ ಗುತ್ತಿಗೆ ಹಿಡಿದರು.

ಕಾವಲಿಗೆ ಮಾರಿಸ್ ಬ್ರೌನ್ ಮತ್ತು ಅವರ ಹೆಂಡತಿ ಇರ್ಮಾ ಬಂದರು. ಬೇಟೆ ನಿಷೇಧದ ಫಲಕ ಹಾಕಿ, ದಾರಿಯಲ್ಲಿ ನಿಂತು ಬಂದೂಕಿನವರನ್ನು ವಾಪಸ್ ಕಳಿಸುವುದು ಅವರ ಕೆಲಸ. ಬೈಗುಳ, ಬೆದರಿಕೆ ಎಲ್ಲ ಬಂದವು. ಆದರೂ ಆ ವರ್ಷವೇ ಬೆಟ್ಟದ ಮೇಲಿನ ಗುಂಡಿನ ಸದ್ದು ನಿಂತಿತು. ಮರುವರ್ಷ ಜನರಿಗೆ ಬಂದು ನೋಡಲು ಅವಕಾಶ ಸಿಕ್ಕಿತು. 1938ರಲ್ಲಿ ರೋಸಲೀ ಜಾಗವನ್ನು ಕೊಂಡು ಹಾಕ್ ಮೌಂಟನ್ ಸ್ಯಾಂಕ್ಚುಯರಿ ಅಸೋಸಿಯೇಶನ್‌ಗೆ ಬರೆದುಕೊಟ್ಟರು. ಬೇಟೆಹಕ್ಕಿಗಳಿಗಾಗಿಯೇ ಮೀಸಲಾದ ಜಗತ್ತಿನ ಮೊದಲ ರಕ್ಷಿತ ತಾಣ ಅದು. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್, ಕ್ಯಾಲಿಫೋರ್ನಿಯಾದ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳು ಆಗುವುದಕ್ಕೂ ಅವರ ಕರಪತ್ರಗಳು ನೆರವಾದವು.

ಸುಮ್ಮನೆ ಎಣಿಸಿದ್ದರಿಂದ ಏನಾಯಿತು?

ಕಾವಲು ಕಾಯುತ್ತಲೇ ಮಾರಿಸ್ ಇನ್ನೊಂದು ಕೆಲಸ ಮಾಡುತ್ತಿದ್ದರು. ಬಂಡೆಯ ಮೇಲೆ ಕುಳಿತು ಹಾದುಹೋಗುವ ಪ್ರತಿ ಬೇಟೆಹಕ್ಕಿಯನ್ನು ಗುರುತಿಸಿ ಎಣಿಸುವುದು. ಯಾವ ದಿನ, ಯಾವ ಜಾತಿ, ಎಷ್ಟು, ಮರಿಯೋ ಬೆಳೆದದ್ದೋ ಎಂದು ಬರೆಯುವುದು. ಇದರಿಂದ ಏನು ಪ್ರಯೋಜನ ಎಂದು ಆಗ ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಪ್ರಯೋಜನ ಕಂಡದ್ದು ಕಾಲು ಶತಮಾನದ ನಂತರ. ಡಿಡಿಟಿ ಕೀಟನಾಶಕದ ಬಗ್ಗೆ ಪುಸ್ತಕ ಬರೆಯುತ್ತಿದ್ದ ವಿಜ್ಞಾನಿ ರೇಚಲ್ ಕಾರ್ಸನ್ ಈ ಲೆಕ್ಕವನ್ನು ಕೇಳಿ ಪಡೆದರು. 1935ರಿಂದ 1939ರವರೆಗೆ ಬೆಟ್ಟ ದಾಟಿದ ಬಿಳಿತಲೆ ಹದ್ದುಗಳಲ್ಲಿ ಶೇ. 40ರಷ್ಟು ಎಳೆಯವು. 1955ರಿಂದ 1959ರ ಹೊತ್ತಿಗೆ ಅದು ಶೇ. 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಒಂದು ಎಳೆಯದು. ಅಂದರೆ ಆಕಾಶದಲ್ಲಿ ಹದ್ದುಗಳು ಕಾಣುತ್ತಿದ್ದರೂ ಗೂಡಿನಲ್ಲಿ ಮರಿಗಳು ಆಗುತ್ತಿರಲಿಲ್ಲ. ಡಿಡಿಟಿ ಮೀನಿನ ಮೂಲಕ ಹದ್ದಿನ ದೇಹ ಸೇರಿ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆ, ಕಾವು ಕೊಡುವಾಗ ಮೊಟ್ಟೆ ಒಡೆದು ಹೋಗುತ್ತದೆ ಎಂಬುದು ಆಮೇಲೆ ಖಚಿತವಾಯಿತು.

ಕಾರ್ಸನ್ ಅವರ ಸೈಲೆಂಟ್ ಸ್ಪ್ರಿಂಗ್ ಪುಸ್ತಕ 1962ರಲ್ಲಿ ಬಂತು. ಅದೇ ವರ್ಷ ಹಿಂದೆ ಎದುರಾಳಿಯಾಗಿದ್ದ ಆಡುಬಾನ್ ಸಂಘದ ವಾರ್ಷಿಕ ಸಭೆಯಲ್ಲಿ ಜನ ಎದ್ದು ನಿಂತು ರೋಸಲೀ ಅವರಿಗೆ ಚಪ್ಪಾಳೆ ತಟ್ಟಿದರು. ಕೆಲವೇ ವಾರಗಳ ನಂತರ, ನವೆಂಬರ್ 30ರಂದು, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ಬಹುತೇಕ ನಿಷೇಧಿಸಿತು, ಬೇಟೆಹಕ್ಕಿಗಳಿಗೆ ದೇಶದಾದ್ಯಂತ ಕಾನೂನಿನ ರಕ್ಷಣೆಯೂ ಅದೇ ವರ್ಷ ಸಿಕ್ಕಿತು. 2007ರಲ್ಲಿ ಬಿಳಿತಲೆ ಹದ್ದು ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಇವನ್ನೆಲ್ಲ ನೋಡಲು ರೋಸಲೀ ಇರಲಿಲ್ಲ.

ಇಂದಿಗೂ ಹಾಕ್ ಮೌಂಟನ್ ಮೇಲೆ ಎಣಿಕೆ ನಡೆಯುತ್ತಿದೆ. ಸೆಪ್ಟೆಂಬರ್ ಮಧ್ಯದಲ್ಲಿ ಅಗಲ ರೆಕ್ಕೆಯ ಗಿಡುಗಗಳ ದೊಡ್ಡ ದೊಡ್ಡ ಹಿಂಡು, ಅಕ್ಟೋಬರ್‌ನಲ್ಲಿ ಚಿಕ್ಕ ಗಿಡುಗಗಳು, ನವೆಂಬರ್‌ನಲ್ಲಿ ಗೋಲ್ಡನ್ ಈಗಲ್ ಎಂಬ ಭಾರಿ ಹದ್ದು. ಹಿಂದೆ ಬಂದೂಕು ಹಿಡಿದು ಜನ ಕೂರುತ್ತಿದ್ದ ಅದೇ ಬಂಡೆಗಳ ಮೇಲೆ ಈಗ ದುರ್ಬೀನು, ಬುತ್ತಿ ಹಿಡಿದು ಸಂಸಾರ ಸಮೇತ ಕೂರುತ್ತಾರೆ.

ನಮ್ಮ ಕರ್ನಾಟಕದ ಬಯಲು, ಹುಲ್ಲುಗಾವಲುಗಳಿಗೂ ಚಳಿಗಾಲದಲ್ಲಿ ದೂರದ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಎಂಬ ಗಿಡುಗಗಳು ಬರುತ್ತವೆ, ಮಿಡತೆಗಳನ್ನು ಹಿಡಿದು ತಿನ್ನುತ್ತವೆ. ಈ ಸಲ ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತಾ ಹೋಗುವ ಗಿಡುಗ ಕಂಡರೆ ಕಲ್ಲು ಎತ್ತಿಕೊಳ್ಳಬೇಡಿ. ಸ್ವಲ್ಪ ಹೊತ್ತು ನಿಂತು ನೋಡಿ, ಮಕ್ಕಳಿಗೂ ತೋರಿಸಿ.

ಹದ್ದಿನ ಮರುಜನ್ಮದ ಮೆಸೇಜ್ ಮತ್ತೆ ಬಂದರೆ, ಅದು ನಿಜವೇ ಎಂದು ಗ್ರೂಪಿನಲ್ಲಿ ಕೇಳಿ. ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ. ರೋಸಲೀ ಎಡ್ಜ್ ಶುರು ಮಾಡಿದ್ದೂ ಅಷ್ಟರಿಂದಲೇ.