ಕಿರ್ಷ್ನರ್‌ನ ತಂತಿ, ನಮ್ಮ ಘಟ್ಟದ ದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪೇರಲೆ ಮರದಿಂದ ಬಿದ್ದ ಮಗುವಿನ ಕೈಗೆ ರಾಡ್ ಹಾಕಿದ್ದಾರೆ ಅಂತ ಮನೆಯವರು ಹೇಳ್ತಾರೆ. ಅದು ರಾಡ್ ಅಲ್ಲ, ಒಂದೆರಡು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ. ಹೆಸರು ಕೆ-ವೈರ್. ಆ ‘ಕೆ’ ಅಂದರೆ ಜರ್ಮನಿಯ ಶಸ್ತ್ರವೈದ್ಯ ಮಾರ್ಟಿನ್ ಕಿರ್ಷ್ನರ್.

ಕಿರ್ಷ್ನರ್ ಹುಟ್ಟಿದ್ದು 1879ರಲ್ಲಿ, ಬ್ರೆಸ್ಲೌ ನಗರದಲ್ಲಿ. ಅಪ್ಪ ಮುಂದೆ ಬರ್ಲಿನ್‌ನ ಮೇಯರ್ ಆದವರು. ಮಗ ರಾಜಕೀಯ ಬಿಟ್ಟು ವೈದ್ಯಕೀಯ ಹಿಡಿದ. ಆ ಕಾಲಕ್ಕೆ ಮುರಿದ ಮೂಳೆಯನ್ನು ಎಳೆದು ನೇರ ಮಾಡೋಕೆ ದಪ್ಪ ಮೊಳೆ ಹೊಡೀತಿದ್ದರು. ಗಾಯ ದೊಡ್ಡದು, ಕೀವಿನ ಭಯವೂ ದೊಡ್ಡದು. 1909ರಲ್ಲಿ ಕಿರ್ಷ್ನರ್ ತೆಳುವಾದ ತಂತಿಯ ದಾರಿ ತೋರಿಸಿದ. ಸೈಕಲ್ ಚಕ್ರದ ಕಡ್ಡಿ ನೋಡಿ: ತೆಳುವಾದರೂ ಬಿಗಿದು ಕಟ್ಟಿದರೆ ಭಾರ ಹೊರುತ್ತೆ. ಲೆಕ್ಕ ಅದೇ.

1924ರಲ್ಲಿ, ಕೋನಿಗ್ಸ್‌ಬರ್ಗ್‌ನಲ್ಲಿದ್ದಾಗ, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ತೆಗೆದು ರೋಗಿಯನ್ನು ಉಳಿಸಿದ. ಅದುವರೆಗೆ ಆ ಶಸ್ತ್ರಚಿಕಿತ್ಸೆಯಲ್ಲಿ ಯಾರೂ ಬದುಕಿರಲಿಲ್ಲ. ಹೈಡೆಲ್‌ಬರ್ಗ್‌ನ ಪ್ರಾಧ್ಯಾಪಕ ಹುದ್ದೆ ವಹಿಸಿಕೊಂಡಿದ್ದು ನಾಜಿಗಳ ಕಾಲದಲ್ಲಿ. 1933ರ ಕಾನೂನು ಯಹೂದಿ ಪ್ರಾಧ್ಯಾಪಕರನ್ನು ಹೊರಗೆ ಹಾಕಿತ್ತು. ಅಂಥ ವಿಶ್ವವಿದ್ಯಾಲಯದಲ್ಲೇ ಈತ ಕೊನೆಯವರೆಗೂ ದುಡಿದ. ತಂತಿಯನ್ನು ಹೊಗಳುವಾಗ ಇದನ್ನೂ ಮರೆಯಬಾರದು.

1938ರ ಹೊತ್ತಿಗೆ ಆತನ ಚಿಂತೆ ದೂರದ ಕಡೆ ತಿರುಗಿತ್ತು. ಗಾಯಾಳುವನ್ನು ವೈದ್ಯನ ಬಳಿ ಒಯ್ಯುವುದರಲ್ಲೇ ಜೀವ ಹೋಗುತ್ತೆ, ವೈದ್ಯನೇ ಗಾಯಾಳುವಿನ ಬಳಿ ಹೋಗಬೇಕು ಅನ್ನೋದು ವಾದ. ವಾಹನದ ಮೇಲೆ ಸಾಗುವ ಶಸ್ತ್ರಚಿಕಿತ್ಸಾಲಯದ ಯೋಜನೆಯನ್ನೂ ಮುಂದಿಟ್ಟ. 1942ರಲ್ಲಿ ತೀರಿಕೊಂಡ.

ಮಕ್ಕಳ ಮೊಣಕೈಗೆ ಈ ತಂತಿ ಬಂದಿದ್ದು ಆಮೇಲೆ. 1948ರಲ್ಲಿ ಅಮೆರಿಕದ ಸ್ವೆನ್ಸನ್, ಮುರಿದ ತುಂಡುಗಳನ್ನು ಕೂರಿಸಿ ಚರ್ಮದ ಮೂಲಕವೇ ತಂತಿ ದಾಟಿಸುವ ವಿಧಾನ ಬರೆದ. ಈಗ ಸಿ-ಆರ್ಮ್ ಎಕ್ಸ್-ರೇ ನೋಡಿಕೊಂಡು ಹೊರಬದಿಯಿಂದ ಎರಡು ಮೂರು ತಂತಿ ಹಾಕ್ತಾರೆ. ಒಳಬದಿಯಿಂದಲೂ ಒಂದು ಹಾಕಿದರೆ ಹಿಡಿತ ಗಟ್ಟಿ, ಆದರೆ ಅಲ್ಲೇ ಹಾಯುವ ಅಲ್ನಾರ್ ನರಕ್ಕೆ ಪೆಟ್ಟಾದೀತು. ಮೂರ್ನಾಲ್ಕು ವಾರಕ್ಕೆ ತಂತಿ ಕೀಳ್ತಾರೆ.

ತಡವಾದರೆ ಕಥೆ ಬೇರೆ. ಬೆರಳು ತಣ್ಣಗಾಗಿ ಬಿಳಿಚಿ, ನಾಡಿ ಸಿಗದಿದ್ದರೆ ಗಂಟೆಗಳ ಲೆಕ್ಕ. ಬಾವು ಬಂದ ಕೈಗೆ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯದೆ ಸ್ನಾಯು ಸತ್ತು, ಬೆರಳು ಜನ್ಮಪೂರ್ತಿ ಮಡಚಿಕೊಂಡೇ ಉಳಿಯಬಹುದು.

ಶಿರಸಿಯಲ್ಲೂ ಮೂಳೆ ವೈದ್ಯರಿದ್ದಾರೆ. ಆದರೆ ರಕ್ತನಾಳವೂ ಜಖಂ ಆದ ಮಗುವನ್ನು ಮಳೆಗಾಲದ ರಾತ್ರಿ ಎಲ್ಲಿಗೆ ಒಯ್ಯೋದು? ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಮಣಿಪಾಲಕ್ಕೆ ಹೊರಟರೆ ಘಟ್ಟ ಇಳಿಯಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ನಮ್ಮ ವಯಸ್ಸಿನವರೇ ಆಗ ದನಿ ಎತ್ತಿದ್ದರು.

ಆ ಬೇಡಿಕೆಯನ್ನು ಇನ್ನಷ್ಟು ನಿಖರವಾಗಿ ಕೇಳೋಣ. ತಂತಿ ದುಬಾರಿಯಲ್ಲ, ವಿದ್ಯೆ ಹಳೆಯದು. ತಾಲೂಕು ಆಸ್ಪತ್ರೆಯಲ್ಲಿ ಸಿ-ಆರ್ಮ್ ಇದೆಯಾ, ಅದು ನಡೆಯುತ್ತಾ, ರಾತ್ರಿ ಅರಿವಳಿಕೆ ವೈದ್ಯರು ಸಿಗ್ತಾರಾ? ಮುಂದಿನ ಸಲ ವೋಟು ಕೇಳೋಕೆ ಬಂದವರಿಗೆ ಈ ಮೂರು ಪ್ರಶ್ನೆ ಹಾಕಿ.