ಹಾಡೇ ಅನ್ನವಾದ ಬಾಳು

1905ರಲ್ಲಿ ವಿಯೆನ್ನಾ ನಗರಕ್ಕೆ ಸಾಗುತ್ತಿದ್ದ ರೈಲಿನಲ್ಲಿ ಜನಿಸಿದ ಮರಿಯಾ ಫಾನ್ ಟ್ರಾಪ್ ಎಳವೆಯಲ್ಲಿಯೇ ತಬ್ಬಲಿಯಾದರು. ಸಾಲ್ಸ್‌ಬರ್ಗಿನ ಕನ್ಯಾಮಠದಲ್ಲಿ ವ್ರತ ಸ್ವೀಕಾರಕ್ಕೆ ಸಿದ್ಧರಾಗುತ್ತಿದ್ದ ಅವರನ್ನು 1926ರಲ್ಲಿ ನೌಕಾಧಿಕಾರಿ ಟ್ರಾಪ್ ಅವರ ಅಸ್ವಸ್ಥ ಮಗಳಿಗೆ ಪಾಠ ಹೇಳಲು ಕಳುಹಿಸಲಾಯಿತು. ಮರುವರ್ಷ ವಿವಾಹವಾಗಿ, ಆ ಮನೆಯ ಏಳು ಮಕ್ಕಳಿಗೆ ತಾಯಿಯಾದರು. ಬ್ಯಾಂಕು ಮುಳುಗಿ ಸಿರಿ ಕರಗಿದಾಗ, ವಂದನೀಯ ಫ್ರಾನ್ಸ್ ವಾಸ್ನರ್ ಸ್ವಾಮಿಗಳ ಶಿಕ್ಷಣದಲ್ಲಿ ಮನೆಯ ಹಾಡೇ ಜೀವನೋಪಾಯವಾಯಿತು.

1938ರಲ್ಲಿ ಹಿಟ್ಲರನಿಗೆ ತಲೆಬಾಗಲೊಲ್ಲದ ಕುಟುಂಬವು ಮನೆಮಾರು ತೊರೆದು ಇಟಲಿಗೆ, ಅಲ್ಲಿಂದ ಅಮೆರಿಕಕ್ಕೆ ತೆರಳಿತು. ಚಲನಚಿತ್ರದಲ್ಲಿ ಕಾಣುವಂತೆ ಬೆಟ್ಟವೇರಿ ಅಲ್ಲ, ರೈಲಿನಲ್ಲಿ ಹೊರಟಿತು. ಊರೂರು ತಿರುಗಿ ಹಾಡುತ್ತಾ, ವರ್ಮಾಂಟಿನಲ್ಲಿ ಬೇಸಾಯ ಮಾಡುತ್ತಾ ಮಕ್ಕಳನ್ನು ಸಾಕಿದ ಈ ತಾಯಿ, ಯುದ್ಧಾನಂತರ ಆಸ್ಟ್ರಿಯಾದ ಹಸಿದವರಿಗೆ ಆಹಾರವಸ್ತ್ರಗಳನ್ನು ಸಂಗ್ರಹಿಸಿ ಕಳುಹಿಸಿದರು. 1949ರಲ್ಲಿ ಕುಟುಂಬದ ಕಥೆಯನ್ನು ಗ್ರಂಥವಾಗಿಸಿದರು. 1987ರಲ್ಲಿ ದೈವಾಧೀನರಾದ ಅವರು, ತಮ್ಮನ್ನು ನಿರಾಶ್ರಿತರನ್ನಾಗಿಸಿದ ನಾಡಿಗೇ ಅನ್ನವಿತ್ತ ಧನ್ಯೆ.