ವೇಷ ನೆನಪಾಯಿತು, ಕೃತಿ ಮರೆತುಹೋಯಿತು

ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿ ‘ಗಾಡ್’ ಎಂಬ ಶಿಲ್ಪವೊಂದಿದೆ. ಬಡಗಿಯ ಮರದ ಪೆಟ್ಟಿಗೆಯ ಮೇಲೆ ನೆಟ್ಟ, ಕೊಳಾಯಿ ಕೆಲಸದ ಬಾಗಿದ ಕಬ್ಬಿಣದ ಕೊಳವೆ; ಅಷ್ಟೇ. 1917ರ ಈ ಕೃತಿ ಬಹುಕಾಲ ಮಾರ್ಟನ್ ಶಾಂಬರ್ಗ್ ಎಂಬ ಕಲಾವಿದನ ಹೆಸರಿನಲ್ಲಿತ್ತು. ಅದರ ಹಿಂದಿದ್ದ ಕಲ್ಪನೆ ಎಲ್ಸಾ ಫಾನ್ ಫ್ರೈಟಾಗ್-ಲೋರಿಂಗ್‌ಹೋಫನ್ ಎಂಬ ಮಹಿಳೆಯದೆಂದು ವಿದ್ವಾಂಸರು ಗುರುತಿಸಿದ್ದು ತೀರಾ ತಡವಾಗಿ. ಆಕೆಯ ಬದುಕನ್ನು ಅವಲೋಕಿಸಿದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ವೇಷವನ್ನು ನೆನಪಿಟ್ಟುಕೊಂಡ ಲೋಕ ಕೃತಿಯನ್ನೇಕೆ ಮರೆಯಿತು?

1874ರಲ್ಲಿ ಬಾಲ್ಟಿಕ್ ತೀರದ ಜರ್ಮನ್ ಪಟ್ಟಣ ಸ್ವಿನೆಮುಂಡೆಯಲ್ಲಿ ಹುಟ್ಟಿದ ಎಲ್ಸಾ, ತಾಯಿಯ ಮರಣಾನಂತರ ಮನೆ ತೊರೆದು ಬರ್ಲಿನ್ ಸೇರಿದಳು. ರಂಗದ ಮೇಲೆ ಕುಣಿದಳು, ಕಲಾವಿದರಿಗೆ ರೂಪದರ್ಶಿಯಾದಳು. ವಾಸ್ತುಶಿಲ್ಪಿ ಆಗಸ್ಟ್ ಎಂಡೆಲ್‌ನನ್ನು ವರಿಸಿದ ಆಕೆ, ಬಳಿಕ ಅನುವಾದಕ ಫೆಲಿಕ್ಸ್ ಗ್ರೇವೆಯ ಜತೆಗಾತಿಯಾದಳು. 1909ರಲ್ಲಿ ಆತ್ಮಹತ್ಯೆಯ ನಾಟಕವಾಡಿ ಗ್ರೇವೆ ಅಮೆರಿಕಕ್ಕೆ ಪರಾರಿಯಾದ. ಹಿಂಬಾಲಿಸಿ ಹೋದ ಎಲ್ಸಾಳನ್ನು ಕೆಂಟಕಿಯಲ್ಲಿ ಕೈಬಿಟ್ಟ ಆತ, ಮುಂದೆ ಹೆಸರು ಬದಲಿಸಿಕೊಂಡು ಕೆನಡಾದ ಪ್ರಸಿದ್ಧ ಕಾದಂಬರಿಕಾರನಾದ.

1913ರಲ್ಲಿ ನ್ಯೂಯಾರ್ಕಿನಲ್ಲಿ ಜರ್ಮನ್ ಬ್ಯಾರನ್‌ನೊಬ್ಬನನ್ನು ಮದುವೆಯಾಗಿ ಎಲ್ಸಾ ಬ್ಯಾರನೆಸ್ ಎನಿಸಿಕೊಂಡಳು. ಮರುವರ್ಷ ಯುದ್ಧ ಆರಂಭವಾದಾಗ ಹೊರಟುಹೋದ ಗಂಡ ಹಿಂತಿರುಗಲಿಲ್ಲ. ಆಕೆಗೆ ಉಳಿದದ್ದು ಬಿರುದು ಮತ್ತು ಬಡತನ. ಗ್ರೀನ್‌ವಿಚ್ ವಿಲೇಜಿನ ಬೀದಿಗಳಲ್ಲಿ ಆಕೆ ತಲೆ ಬೋಳಿಸಿಕೊಂಡು, ಕೆನ್ನೆಗೆ ಅಂಚೆಚೀಟಿ ಅಂಟಿಸಿಕೊಂಡು, ಟೊಮೆಟೊ ಡಬ್ಬಿಗಳನ್ನೇ ಕುಪ್ಪಸವಾಗಿಸಿಕೊಂಡು ನಡೆದಳು. ಜನ ನಕ್ಕರು, ಪೊಲೀಸರು ಹಿಡಿದೊಯ್ದರು. ಮಹಾಯುದ್ಧವನ್ನು ತಂದ ಸಭ್ಯತೆಯನ್ನೇ ಅಣಕಿಸಿದ ದಾದಾ ಚಳವಳಿಯನ್ನು ಇತರರು ಪ್ರದರ್ಶನಾಲಯಗಳಲ್ಲಿ ಪ್ರತಿಪಾದಿಸಿದರೆ, ಈಕೆ ಅದನ್ನು ಮೈಮೇಲೆ ಧರಿಸಿದಳು. ಬೀದಿಯಲ್ಲಿ ಸಿಕ್ಕ ತುಕ್ಕು ಹಿಡಿದ ಕಬ್ಬಿಣದ ಬಳೆಯೊಂದನ್ನು ಆಕೆ ಕಲಾಕೃತಿಯೆಂದು ಎತ್ತಿಕೊಂಡದ್ದು 1913ರಲ್ಲೇ. ಮಾರ್ಸೆಲ್ ಡುಶಾಂಪ್ ಇಂಥವನ್ನು ‘ರೆಡಿಮೇಡ್’ ಎಂದು ಕರೆದದ್ದು ಎರಡು ವರ್ಷ ಕಳೆದ ಮೇಲೆ.

ಕವಿಯಾಗಿಯೂ ಆಕೆ ಕಡಿಮೆಯವಳಲ್ಲ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಧಾರಾವಾಹಿಯಾಗಿ ಬರುತ್ತಿದ್ದ ‘ಲಿಟ್ಲ್ ರಿವ್ಯೂ’ ಪತ್ರಿಕೆಯಲ್ಲೇ 1918ರಿಂದ ಆಕೆಯ ಕವಿತೆಗಳೂ ಅಚ್ಚಾದವು. ವ್ಯಾಕರಣವನ್ನು ಮುರಿದು, ಹೆಣ್ಣಿನ ಬಯಕೆಯನ್ನು ನಿಸ್ಸಂಕೋಚವಾಗಿ ನುಡಿದ ಆ ಪದ್ಯಗಳನ್ನು ಹಲವು ಓದುಗರು ಹುಚ್ಚಾಟವೆಂದು ತಳ್ಳಿಹಾಕಿದರು.

ಡುಶಾಂಪ್‌ಗೆ ಕೀರ್ತಿ ತಂದ 1917ರ ಮೂತ್ರಪಾತ್ರೆ ‘ಫೌಂಟನ್’ ಸಹ ಎಲ್ಸಾಳದೇ ಎಂದು ಕೆಲವರು ವಾದಿಸುತ್ತಾರೆ. ಗೆಳತಿಯೊಬ್ಬಳು ಗಂಡಿನ ಹೆಸರಿನಲ್ಲಿ ಅದನ್ನು ಕಳುಹಿಸಿದಳೆಂದು ಡುಶಾಂಪ್ ತನ್ನ ತಂಗಿಗೆ ಬರೆದ ಪತ್ರ ಆ ವಾದಕ್ಕೆ ಆಧಾರ. ಆದರೆ ಪತ್ರದಲ್ಲಿ ಗೆಳತಿಯ ಹೆಸರಿಲ್ಲ, ವಿವಾದವೂ ಬಗೆಹರಿದಿಲ್ಲ. ಆ ಒಂದು ಕೃತಿಯ ಮೇಲೆ ಎಲ್ಸಾಳ ಹಿರಿಮೆಯನ್ನು ನಿಲ್ಲಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಸಿದ್ಧ ಪುರುಷನ ಕೃತಿ ಅವಳದೆಂದು ಸಾಬೀತಾದರೆ ಮಾತ್ರ ಅವಳು ದೊಡ್ಡವಳು ಎನ್ನುವುದು ಹಳೆಯ ಅನ್ಯಾಯದ ಹೊಸ ರೂಪವಷ್ಟೆ.

1923ರಲ್ಲಿ ಜರ್ಮನಿಗೆ ಮರಳಿದ ಎಲ್ಸಾ ಬರ್ಲಿನ್ನಿನ ಬೀದಿಯಲ್ಲಿ ಪತ್ರಿಕೆ ಮಾರಿ ಹೊಟ್ಟೆ ಹೊರೆದಳು. ಲೇಖಕಿ ಜೂನಾ ಬಾರ್ನ್ಸ್ ಹಣ ಕಳುಹಿಸಿ ನೆರವಾದಳು. ಹಸ್ತಪ್ರತಿಗಳನ್ನು ಜೋಪಾನ ಮಾಡಿದಳು. 1927ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಕೋಣೆಯಲ್ಲಿ ಅನಿಲ ಸೇವನೆಯಿಂದ ಎಲ್ಸಾ ಅಸುನೀಗಿದಳು. ಆತ್ಮಕಥೆ 1992ರಲ್ಲಿ, ಕವಿತೆಗಳ ದೊಡ್ಡ ಸಂಕಲನ 2011ರಲ್ಲಿ ಹೊರಬಂದವು.

ಲೋಕ ಬಿಸುಟದ್ದರಲ್ಲಿ ಬೆಲೆ ಕಂಡವಳನ್ನು ಲೋಕವೇ ಬಿಸುಟಿತ್ತು. ಒಬ್ಬ ಗೆಳತಿ ಕಾಗದಗಳ ಕಟ್ಟನ್ನು ಕಾದಿಡದಿದ್ದರೆ ಇಂದು ನಮಗೆ ಉಳಿಯುತ್ತಿದ್ದುದು ಟೊಮೆಟೊ ಡಬ್ಬಿಯ ಕತೆ ಮಾತ್ರ.